ಮಸೂರ ಮೂರು

“ಗುರುಗಳೇ, ಪ್ರವಾಸ ಹೊರಟವನು ಎಲ್ಲದಕ್ಕೂ ಆಗುವ ಒಂದೇ ಲೆನ್ಸ್ ಒಯ್ಯಬೇಕೋ, ಇಲ್ಲಾ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಮೂರು ಒಯ್ಯಬೇಕೋ?”

ಹೀಗೆ ಕೇಳಿದವನು ಕಲ್ಮೇಶ. ಕೇಳಿಸಿಕೊಂಡವರು ಶಿವಪುತ್ರಪ್ಪ ಗುರುಗಳು. ಗುರುಗಳು ಬಹಳ ವರ್ಷ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ದೇಶ ತಿರುಗಿದವರು. ಕಾಲು ಸೋತ ಮೇಲೆ ಗೋಕಾಕದ ಹತ್ತಿರ ಒಂದು ಬೇವಿನ ಮರದ ಕೆಳಗೆ ಕೂತು ನಾಲ್ಕು ಜನರಿಗೆ ಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದರು. ಆ ನಾಲ್ವರಲ್ಲಿ ಕಲ್ಮೇಶನೂ ಒಬ್ಬ. ಉಳಿದ ಮೂವರು ಆಗಲೇ ಊರೂರು ಸುತ್ತಿ ಬಂದಿದ್ದರು. ಇವನು ಎರಡು ವರ್ಷದಿಂದ ಹೊರಡುತ್ತಲೇ ಇದ್ದ.

“ಯಾವ ಊರಿಗೆ ಹೊರಟಿದ್ದೀಯಪ್ಪ?” ಎಂದರು ಗುರುಗಳು.

“ಊರು ಇನ್ನೂ ಗೊತ್ತಾಗಿಲ್ಲ. ಮೊದಲು ಲೆನ್ಸ್ ಗೊತ್ತಾಗಲಿ ಅಂತ.”

“ಮನೆಯಲ್ಲಿ ಏನಂತಾರೆ?”

“ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಅವರಿಗೇನು ತಿಳಿಯುತ್ತದೆ, ಗುರುಗಳೇ? ಲೆನ್ಸಿಗೂ ಸೋಡಾ ಬಾಟಲಿಯ ಗೋಲಿಗೂ ವ್ಯತ್ಯಾಸ ಗೊತ್ತಿಲ್ಲದವರು.”

ಗುರುಗಳು ತಮ್ಮ ಹಳೆಯ ಕ್ಯಾಮೆರಾ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪ್ರವಾಸಿ ಇದ್ದ. ರಜೆಯಲ್ಲಿ ಮಾತ್ರ ಪ್ರವಾಸಿ. ಉಳಿದ ದಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ. ಪಾಠದ ಪುಸ್ತಕದಲ್ಲಿ ಲೆನ್ಸಿಗೆ ಮಸೂರ ಎನ್ನುತ್ತಾರಲ್ಲ, ಪೀನ ಮಸೂರ, ನಿಮ್ನ ಮಸೂರ ಎಂದು, ಅವನ ಬಾಯಲ್ಲೂ ಅದೇ ಮಾತು. ಲೆನ್ಸ್ ಎಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ. ಅಡುಗೆಮನೆಯಲ್ಲಿ ಒಂದು ಕೆಂಪು ಬೇಳೆಗೂ ಅದೇ ಹೆಸರು ಎಂಬುದು ಅವನ ತಲೆಗೇ ಹೋಗುತ್ತಿರಲಿಲ್ಲ. ಬೇಳೆಯನ್ನು ಅವನು ಬೆಂದ ಮೇಲೆ ಮಾತ್ರ ಕಂಡವನು.

ಅವನನ್ನು ಸಾಕಿದವಳು ಸೋದರತ್ತೆ. ಆ ಅತ್ತೆಗೆ ಒಬ್ಬ ತಮ್ಮನಿದ್ದ. ಪ್ರವಾಸಿ ಹುಟ್ಟುವ ಮೊದಲೇ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋದವನು ತಿರುಗಿ ಬಂದಿರಲಿಲ್ಲ. ಅದಕ್ಕೆ ನಲವತ್ತು ವರ್ಷ ಆಗಿತ್ತು. ಅವನದೊಂದು ಚಿತ್ರವೂ ಮನೆಯಲ್ಲಿ ಇರಲಿಲ್ಲ.

ಒಂದು ಸಲ ಉತ್ತರದ ಯಾತ್ರೆ ಮುಗಿಸಿ ಬಂದ ನೆರೆಮನೆಯವಳು ಸುದ್ದಿ ತಂದಳು. ಹಿಮದ ಬೆಟ್ಟದ ಮೇಲೆ ಒಂದು ಗವಿ ಇದೆಯಂತೆ. ಅಲ್ಲಿ ಏಳು ಜನ ಸಾಧುಗಳಂತೆ. ಅವರಲ್ಲಿ ಒಬ್ಬ ನಮ್ಮ ಕಡೆಯವನೇ ಅಂತೆ. ಯಾರು ಎಂದು ಕೇಳಿದರೆ ಏಳೂ ಜನ ನೆಲ ನೋಡಿದರಂತೆ. ಸಾಧುವಾದವನು ಬಿಟ್ಟು ಬಂದ ಮನೆಯ ಮಾತು ಎತ್ತುವಂತಿಲ್ಲವಲ್ಲ.

ಅತ್ತೆ ಪ್ರವಾಸಿಯನ್ನು ಕರೆದು ಕೂರಿಸಿಕೊಂಡಳು.

“ನನಗಂತೂ ಆ ಗುಡ್ಡ ಹತ್ತಾಕ ಆಗೂದಿಲ್ಲ. ನೀ ಹೋಗು. ಅಂವಾ ಬರೂದು ಬ್ಯಾಡ, ಕರೀಬ್ಯಾಡ. ಅವನ ಮಾರಿ ಒಮ್ಮೆ ತೋರಸು ಸಾಕು. ಅಂವಾ ಇರೋ ಜಾಗಾನೂ ತೋರಸು. ಚಳಿಯಾಗ ಎಲ್ಲಿ ಕುಂದರತಾನೋ ಏನೋ.”

ಅತ್ತೆ ಅವನಲ್ಲಿ ಏನನ್ನೂ ಕೇಳಿದವಳಲ್ಲ. ಇದೊಂದು ಕೇಳಿದಳು. ಪ್ರವಾಸಿ ಆಗಲಿ ಎಂದ. ಎಂದ ಮೇಲೆ ಅವನಿಗೆ ಚಿಂತೆ ಹತ್ತಿಕೊಂಡಿತು. ಜಾಗವೂ ಬೇಕು, ಮುಖವೂ ಬೇಕು. ಅವನ ಹತ್ತಿರ ಮೂರು ಮಸೂರ ಇದ್ದವು. ಅಗಲಕ್ಕೆ ಒಂದು, ಹತ್ತಿರಕ್ಕೆ ಒಂದು, ದೂರಕ್ಕೆ ಒಂದು. ಬೆಟ್ಟದ ದಾರಿಯಲ್ಲಿ ಯಾವುದನ್ನು ಹಾಕಿಕೊಂಡು ಹೋದರೂ ಬೇಕಾದದ್ದು ಚೀಲದಲ್ಲೇ ಇರುತ್ತದೆ. ಅದಕ್ಕೆ ಎಲ್ಲಕ್ಕೂ ಆಗುವ ಒಂದೇ ಮಸೂರ ನೋಡೋಣವೆಂದು ಪೇಟೆಗೆ ಹೋದ.

“ಒಂದು ಒಳ್ಳೆಯ ಮಸೂರ ತೋರಿಸಿ.”

ಅಂಗಡಿಯವನು ತಲೆ ಎತ್ತದೆ, “ಪಕ್ಕದ ಕಿರಾಣಿ ಅಂಗಡಿ ಸರ್,” ಎಂದ.

“ಛಾಯಾಚಿತ್ರದ ಮಸೂರ! ನಿಮಗೆ ಕನ್ನಡ ಬರುವುದಿಲ್ಲವೇ?”

ಕನ್ನಡದಲ್ಲೇ ಹುಟ್ಟಿ ಬೆಳೆದ ಅಂಗಡಿಯವನು ತಬ್ಬಿಬ್ಬಾಗಿ, ಗಾಜಿನ ಕಪಾಟಿನಿಂದ ಗಿಡ್ಡ ಚೊಂಬಿನಂಥ ಒಂದು ವಸ್ತುವನ್ನು ತೆಗೆದಿಟ್ಟ.

“ನೋಡಿ ಸರ್. ಈ ಉಂಗುರ ಹೀಗಿದ್ದರೆ ಇಡೀ ಬೆಟ್ಟ. ಅರ್ಧ ತಿರುಗಿಸಿದರೆ ಬೆಟ್ಟದ ಮೇಲಿನ ಮೇಕೆ. ಪೂರ್ತಿ ತಿರುಗಿಸಿದರೆ ಮೇಕೆಯ ಗಡ್ಡ. ಇನ್ನೇನು ಬೇಕು?”

“ಎಲ್ಲವನ್ನೂ ಚೆನ್ನಾಗಿ ಮಾಡುತ್ತದೆಯೇ?”

“ಸರ್, ನಾನೂ ಅಂಗಡಿ ನೋಡ್ತೀನಿ, ಮನೆ ನೋಡ್ತೀನಿ, ಟೀವಿ ನೋಡ್ತೀನಿ. ಎಲ್ಲಾ ಚೆನ್ನಾಗಿ ನೋಡ್ತೀಯಾ ಅಂತ ಇವತ್ತಿನ ತನಕ ಯಾರೂ ಕೇಳಿಲ್ಲ.”

ಪ್ರವಾಸಿ ಅದನ್ನು ಕೊಂಡ. ಅಂಗಡಿಯವನು ಕಟ್ಟಿಕೊಡುತ್ತ, “ಒಂದು ಮಾತು. ಇನ್ನು ಬೇರೆ ಲೆನ್ಸ್ ಬಿಚ್ಚಿ ಹಾಕಲು ಹೋಗಬೇಡಿ. ಧೂಳಿನಲ್ಲಿ ಬಿಚ್ಚಿದರೆ ಕ್ಯಾಮೆರಾದೊಳಗೆ ಧೂಳು ಹೋಗುತ್ತದೆ, ಮಂಜಿನಲ್ಲಿ ಬಿಚ್ಚಿದರೆ ಮಂಜು ಹೋಗುತ್ತದೆ,” ಎಂದ.

ಮನೆಗೆ ಬರುವಷ್ಟರಲ್ಲಿ ಪ್ರವಾಸಿಗೆ ಹೊಸ ಮಸೂರದ ಮೇಲೆ ಅನುಮಾನ ಹುಟ್ಟಿತ್ತು. ಎಲ್ಲಕ್ಕೂ ಆಗುವಂಥದ್ದು ಅತ್ತೆಯ ಒಂದೇ ಒಂದು ಆಸೆಗೆ ಆಗದೆ ಹೋದರೆ? ಭಾರ ಇಳಿಯಲಿ ಎಂದು ಒಂದನ್ನು ಕೊಂಡವನು, ಇರಲಿ ಎಂದು ಹಳೆಯ ಮೂರನ್ನೂ ಒಯ್ಯಲು ತೀರ್ಮಾನಿಸಿದ. ಮಾರನೆಯ ದಿನವೇ ಪ್ರಯಾಣ. ಶಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುವುದು ಬಾಕಿ ಇತ್ತು. ಚೀಲ ತುಂಬುವ ಕೆಲಸವನ್ನು ಅತ್ತೆಗೆ ಒಪ್ಪಿಸಿ, ಒಂದು ಪಟ್ಟಿ ಬರೆದಿಟ್ಟು ಹೋದ. ಅಂಗಿ ನಾಲ್ಕು. ಉಣ್ಣೆ ಟೊಪ್ಪಿಗೆ ಒಂದು. ಕಾಲುಚೀಲ ಆರು. ಅದರ ಕೆಳಗೆ ಗೀಟು ಹಾಕಿ ಬರೆದಿದ್ದ: ಮಸೂರ ಮೂರು. ಮೂರನ್ನೂ ಬೇರೆ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಬೇಕು. ನೀರು ತಾಗಬಾರದು.

ಅತ್ತೆ ಆ ಸಾಲನ್ನು ಎರಡು ಸಲ ಓದಿದಳು. ಅವಳ ಕಣ್ಣು ತುಂಬಿ ಬಂತು. ತಮ್ಮನಿಗೆ ಮಸೂರ ಬೇಳೆಯ ಸಾರೆಂದರೆ ಪ್ರಾಣ ಎಂದು ತಾನು ಯಾವಾಗ ಹೇಳಿದ್ದೆನೋ, ಈ ಹುಡುಗ ಅದನ್ನು ನೆನಪಿಟ್ಟುಕೊಂಡಿದ್ದಾನಲ್ಲ! ಮೂರು ಸೇರು ಅಳೆದಳು. ನುಸಿ ಹಿಡಿಯದಂತೆ ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಬೇಳೆಯನ್ನೆಲ್ಲ ಸವರಿದಳು. ತನ್ನ ಹಳೆಯ ಸೀರೆ ಹರಿದು ಮೂರು ಗಂಟು ಕಟ್ಟಿದಳು. ಪ್ರವಾಸಿಯ ಮೂರು ಮಸೂರಗಳು ಕಪಾಟಿನಲ್ಲಿ ಇದ್ದಲ್ಲೇ ಇದ್ದವು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: “ಮಸೂರ ಹುಷಾರು. ಅದನ್ನ ಕಂಡ್ರ ಅಂವಾ ನಕ್ಕ ನಗತಾನ ನೋಡು.”

ಮಸೂರದ ಮುಂದೆ ಕೂತವರು ನಗುವುದು ಲೋಕರೂಢಿ, ಅದು ಅತ್ತೆಗೂ ತಿಳಿದಿದೆಯಲ್ಲ ಎಂದು ಪ್ರವಾಸಿ ಸಂತೋಷಪಟ್ಟ.

ಬೆಟ್ಟದ ಬುಡದಲ್ಲಿ ಅವನಿಗೆ ಒಬ್ಬ ಹೇಸರಗತ್ತೆಯವನು ಸಿಕ್ಕ. ಅಂಗಿ, ಟೊಪ್ಪಿಗೆ, ಹಾಸಿಗೆ ಎಲ್ಲ ಹೇಸರಗತ್ತೆಯ ಬೆನ್ನಿಗೆ ಹೋಯಿತು. ಮೂರು ಗಂಟಿನ ಚೀಲವನ್ನು ಮಾತ್ರ ಪ್ರವಾಸಿ ತಾನೇ ಎದೆಗೆ ಕಟ್ಟಿಕೊಂಡ.

“ಅದನ್ನೂ ಕೊಡಿ ಬಾಬೂಜಿ. ಅದರಲ್ಲೇನಿದೆ?” ಎಂದು ಹೇಸರಗತ್ತೆಯವನು ಹಿಂದಿಯಲ್ಲಿ ಕೇಳಿದ.

ಪ್ರವಾಸಿಯ ಹಿಂದಿ ಎಂದರೆ ಕನ್ನಡದ ಮಾತಿಗೆ ಒಂದು ‘ಹೈ’ ಅಂಟಿಸುವುದು. “ಮಸೂರ ಹೈ,” ಎಂದ. ಹಿಂದಿಯಲ್ಲೂ ಆ ಬೇಳೆಗೆ ಅದೇ ಹೆಸರು.

“ಎಷ್ಟು?”

“ಮೂರು ಹೈ,” ಎಂದು ಬೆರಳು ತೋರಿಸಿದ.

ಚೀಲ ತೂಗುತ್ತಿದ್ದುದೂ ಮೂರು ಸೇರಿನಷ್ಟೇ. ಹೇಸರಗತ್ತೆಯವನ ಮುಖ ಅರಳಿತು. “ಹಾಗಾದರೆ ಇವತ್ತೇ ಬೇಯಿಸೋಣ. ನನ್ನ ಹತ್ತಿರ ಈರುಳ್ಳಿ ಇದೆ.”

ಪಾಪ, ಬೆಟ್ಟದ ಜನ, ಮಸೂರ ಕಂಡವರಲ್ಲ ಎಂದುಕೊಂಡ ಪ್ರವಾಸಿ. ಕೈಸನ್ನೆ ಬೆರೆಸಿ ತಿಳಿಹೇಳಿದ. “ಇದು ಬೇಯಿಸುವುದಲ್ಲ. ನೋಡುವುದು. ಇದರಲ್ಲಿ ನೋಡಿದರೆ ಇಡೀ ಲೋಕವೇ ಕಾಣುತ್ತದೆ.”

ಬೇಳೆಯಲ್ಲಿ ಲೋಕ ಕಾಣುವವರು ಯಾವಾಗಲೂ ಸಿಗುವುದಿಲ್ಲ. ಅವತ್ತಿನಿಂದ ಹೇಸರಗತ್ತೆಯವನು ಪ್ರವಾಸಿಯ ಮುಂದೆ ಬೀಡಿ ಸೇದಲಿಲ್ಲ.

ದಾರಿಯಲ್ಲಿ ಚಹಾ ಅಂಗಡಿ ಸಿಕ್ಕಾಗಲೆಲ್ಲ ಪ್ರವಾಸಿ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಒಲೆಯ ಹತ್ತಿರ ಇಡಬೇಡಿ, ಮಸೂರ ಹೈ. ನೀರಿನ ಹತ್ತಿರ ಇಡಬೇಡಿ, ಮಸೂರ ಹೈ. ಒಬ್ಬಳು ಚಹಾ ಅಂಗಡಿಯವಳು ತಡೆಯಲಾರದೆ ಕೇಳಿಯೇಬಿಟ್ಟಳು: “ಬೆಂಕಿಯೂ ಬೇಡ, ನೀರೂ ಬೇಡ ಅಂದರೆ ಮಸೂರ ಬೇಯುವುದು ಹೇಗೆ?”

ಹೇಸರಗತ್ತೆಯವನು ತುಟಿಯ ಮೇಲೆ ಬೆರಳಿಟ್ಟ. “ಸುಮ್ಮನಿರಮ್ಮ. ಅವರು ತಿನ್ನುವವರಲ್ಲ, ನೋಡುವವರು.” ಅವಳು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಟ್ಟಳು.

ಒಂಬತ್ತು ದಿನ ಹತ್ತಿದರು. ದಾರಿಯುದ್ದಕ್ಕೂ ನೋಡಬೇಕಾದದ್ದು ಎದುರಿಗೇ ಬಂದು ನಿಲ್ಲುತ್ತಿತ್ತು. ಒಂದು ತಿರುವಿನಲ್ಲಿ ಹಾಲು ಸುರಿದಂತೆ ಜಲಪಾತ. ಇನ್ನೊಂದರಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂಡೆಯಿಂದ ಬಂಡೆಗೆ ಜಿಗಿಯುವ ಮುದುಕಿ. ಎಲ್ಲಕ್ಕೂ ಆಗುವ ಮಸೂರ ಕೊರಳಲ್ಲಿ ತೂಗುತ್ತಿತ್ತು. ಪ್ರವಾಸಿ ಅದನ್ನು ಕಣ್ಣಿಗೆ ಎತ್ತುತ್ತಿದ್ದ, ತಲೆಯಾಡಿಸುತ್ತಿದ್ದ, ಇಳಿಸುತ್ತಿದ್ದ.

“ಒಂದು ತೆಗೆಯಬಾರದೇ, ಬಾಬೂಜಿ?”

“ಛೆ, ಇಂಥದ್ದನ್ನು ಇದರಲ್ಲಿ ತೆಗೆಯುವುದೇ? ಇದು ಎಲ್ಲದಕ್ಕೂ ಆಗುವಂಥದ್ದು. ವಿಶೇಷಕ್ಕೆ ಚೀಲದಲ್ಲಿ ಬೇರೆ ಇದೆ.”

ಚೀಲ ಬಿಚ್ಚೋಣವೆಂದರೆ ಧೂಳು. ಧೂಳು ಕೂತಿತು ಎನ್ನುವಷ್ಟರಲ್ಲಿ ಮಂಜು. ಒಂಬತ್ತು ದಿನದಲ್ಲಿ ಅವನು ತೆಗೆದದ್ದು ಒಂದೇ ಚಿತ್ರ, ಅದೂ ಬೆರಳು ತಪ್ಪಿ ತಾಗಿದ್ದು. ಹೇಸರಗತ್ತೆಯ ಎಡಗಿವಿ.

ಹತ್ತನೆಯ ದಿನ ಗವಿ ಸಿಕ್ಕಿತು. ಗವಿಯ ಮುಂದಿನ ಬಂಡೆಯ ಮೇಲೆ ಏಳು ಜನ ಸಾಧುಗಳು ಬಿಸಿಲು ಕಾಯಿಸುತ್ತ ಕೂತಿದ್ದರು. ಏಳು ಗಡ್ಡ, ಏಳು ಜಡೆ. ಬೂದಿ ಬಳಿದ ಮೇಲೆ ಎಲ್ಲರದೂ ಒಂದೇ ಬಣ್ಣ.

“ನಿಮ್ಮಲ್ಲಿ ಕನ್ನಡ ಬಲ್ಲವರು ಯಾರು?” ಎಂದು ಪ್ರವಾಸಿ ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದ.

ಏಳೂ ಜನ ನೆಲ ನೋಡಿದರು.

ಚಿಕ್ಕಪ್ಪ ಇವರಲ್ಲಿ ಯಾರೆಂದು ತನಗೆ ತಿಳಿಯುವಂತಿಲ್ಲ. ಆದರೆ ಏಳೂ ಮುಖಗಳನ್ನು ಹತ್ತಿರದ ಮಸೂರದಲ್ಲಿ ರೋಮ ರೋಮ ಕಾಣುವಂತೆ ತೆಗೆದು ಒಯ್ದರೆ ಅತ್ತೆ ಗುರುತು ಹಿಡಿಯದೆ ಇರುತ್ತಾಳೆಯೇ? ಅಂದು ಗಾಳಿ ಇರಲಿಲ್ಲ. ಧೂಳಿಲ್ಲ, ಮಂಜಿಲ್ಲ. ಇಂಥ ಗಳಿಗೆಗಾಗಿಯೇ ಅಲ್ಲವೇ ಇಷ್ಟು ದಿನ ಕಾದದ್ದು! ಪ್ರವಾಸಿ ಸಾಧುಗಳನ್ನು ಎಬ್ಬಿಸಿ ಸಾಲಾಗಿ ಕೂರಿಸಿದ.

“ಗಿಡ್ಡವರು ಮುಂದೆ ಬನ್ನಿ. ಕೈ ಕಟ್ಟಬೇಡಿ. ಕೊನೆಯವರು, ಆ ಕಡೆ ಏನು ನೋಡುತ್ತಿದ್ದೀರಿ?”

ಲೋಕವನ್ನೇ ಬಿಟ್ಟು ಬಂದವರಿಗೂ ಮೇಷ್ಟ್ರ ದನಿ ಬಿಟ್ಟಿರಲಿಲ್ಲ. ಏಳೂ ಜನ ಬೆನ್ನು ನೆಟ್ಟಗೆ ಮಾಡಿ ಕೂತರು.

ಪ್ರವಾಸಿ ಚೀಲ ಇಳಿಸಿ, ಕೈ ಒರೆಸಿಕೊಂಡು, ಮೊದಲ ಗಂಟನ್ನು ಮೆಲ್ಲಗೆ ಬಿಚ್ಚಿದ. ಸರ್ರನೆ ಬೇಳೆ ಸುರಿಯಿತು. ಎರಡನೆಯದನ್ನು ಬಿಚ್ಚಿದ. ಬೇಳೆ. ಮೂರನೆಯದನ್ನೂ ಬಿಚ್ಚಿದ. ಅದೂ ಬೇಳೆಯೇ.

“ಮಸೂರ!” ಎಂದು ಕಿರಿಚಿದ. “ನನ್ನ ಮಸೂರ ಎಲ್ಲಿ?”

ಹೇಸರಗತ್ತೆಯವನು ಗಾಬರಿಯಾಗಿ ಬಂಡೆಯ ಮೇಲೆ ಬೆರಳು ತೋರಿಸಿದ. “ಇದೇ ಮಸೂರ, ಬಾಬೂಜಿ. ಒಂಬತ್ತು ದಿನದಿಂದ ನೀವೇ ಹೇಳುತ್ತ ಬಂದಿರಲ್ಲ!”

ಪ್ರವಾಸಿಗೆ ಬಂಡೆ, ಗವಿ, ಸಾಧುಗಳು ಎಲ್ಲ ಒಂದು ಸುತ್ತು ತಿರುಗಿದಂತಾಯಿತು. ಅತ್ತೆಗೆ ಏನು ಹೇಳಲಿ ಎಂದು ಅಲ್ಲೇ ಕುಸಿದು ಕೂತ.

ಆಗ ಸಾಲಿನಲ್ಲಿ ಮೂರನೆಯವನಾಗಿ ಕೂತಿದ್ದ ಸಾಧು ಬಗ್ಗಿ ನಾಲ್ಕು ಕಾಳು ಹೆಕ್ಕಿಕೊಂಡ. ಹೆಬ್ಬೆರಳಿನಿಂದ ತಿಕ್ಕಿದ. ಮೂಗಿಗೆ ಹಿಡಿದ. ಇನ್ನೊಂದು ಸಲ ಹಿಡಿದ. ಆಮೇಲೆ ಎರಡೂ ಕೈಯಲ್ಲಿ ಬೇಳೆ ಬಾಚಿಕೊಂಡು, ಹೊಟ್ಟೆ ಅಲುಗಾಡಿಸಿಕೊಂಡು ನಗತೊಡಗಿದ.

“ಅಯ್ಯ ಇಕಿನ! ಅಕ್ಕ ಇನ್ನೂ ಬ್ಯಾಳಿಗೆ ಹರಳೆಣ್ಣಿ ಹಚ್ಚೂದು ಬಿಟ್ಟಿಲ್ಲೇನೋ!”

ನಲವತ್ತು ವರ್ಷ ಒಳಗೇ ಇದ್ದ ಮಾತು ಒಂದಕ್ಷರ ಸವೆಯದೆ ಹೊರಗೆ ಬಂತು. ಕುಸಿದು ಕೂತಿದ್ದ ಪ್ರವಾಸಿಗೆ ಏನು ಮಾಡುತ್ತಿದ್ದೇನೆ ಎಂಬ ಎಚ್ಚರವೂ ಇರಲಿಲ್ಲ. ಕೊರಳಲ್ಲಿದ್ದುದನ್ನು ಎತ್ತಿದ. ಬೆರಳು ಒತ್ತಿತು. ಉಂಗುರ ತಿರುಗಿಸಬೇಕೆಂಬುದು ನೆನಪಾದದ್ದು ಆಮೇಲೆ.

“ಇನ್ನೊಂದು, ಕಾಕಾ! ಇನ್ನೊಂದೇ ಒಂದು!”

ಸಾಧುವಿನ ನಗು ಅಲ್ಲಿಗೆ ನಿಂತಿತು. ನೆಲ ನೋಡುತ್ತ ಹಿಂದಿಯಲ್ಲಿ, “ಇಲ್ಲಿ ಯಾರ ಕಾಕಾನೂ ಇಲ್ಲ,” ಎಂದ. ಚೆಲ್ಲಿದ ಬೇಳೆಯನ್ನು ಒಂದು ಕಾಳೂ ಬಿಡದೆ ಬಳಿದು, ಮೂರೂ ಗಂಟು ಕಟ್ಟಿ, ಸೀರೆಯ ಆ ಚೂರುಗಳ ಸಮೇತ ಎತ್ತಿಕೊಂಡು ಗವಿಯೊಳಗೆ ಹೋದ. ಪ್ರವಾಸಿ ಸಂಜೆಯವರೆಗೆ ಬಾಗಿಲಲ್ಲಿ ಕಾದ. ಹೊರಗೆ ಬಂದದ್ದು ಸಾರಿನ ಘಮ ಮಾತ್ರ.

ಪ್ರವಾಸಿ ಬೆಟ್ಟ ಇಳಿದು, ಬುಡದ ಪಟ್ಟಣದಲ್ಲಿ ಚಿತ್ರ ಮಾಡಿಸಿದ. ಅಂಗೈಯಗಲದ ಚಿತ್ರ. ಬೆಟ್ಟ ಚೆನ್ನಾಗಿ ಬಂದಿತ್ತು. ಗವಿ ಬಂದಿತ್ತು. ಏಳು ಸಾಧುಗಳು, ಹೇಸರಗತ್ತೆ, ಹೇಸರಗತ್ತೆಯವನ ಬಾಯಿ ತೆರೆದ ಮುಖ ಎಲ್ಲ ಬಂದಿತ್ತು. ಚಿಕ್ಕಪ್ಪನ ಮುಖ ಮಾತ್ರ ಒಂದು ಮಸೂರ ಕಾಳಿನಷ್ಟಿತ್ತು.

ಊರಿಗೆ ಬರುವ ತನಕ ಅವನು ಮಾತು ಜೋಡಿಸಿದ್ದೇ ಜೋಡಿಸಿದ್ದು. ಮನೆಯ ಮೆಟ್ಟಿಲು ಹತ್ತಿದಾಗ ಎಲ್ಲ ಮರೆತುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಅವನು ಹೋದಂದಿನಿಂದ ಅವಳು ಹಾಗೇ ಬಾಗಿಲಿಗೆ ಮುಖ ಮಾಡಿ ಕೂತು, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳಂತೆ. ಅವನ ದೂರದ ಮಸೂರ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ, ಬೆಕ್ಕು ಬೀಳಿಸದಂತೆ ಭಾರಕ್ಕೆ ಕೂತಿತ್ತು. ಅಗಲದ್ದು ಉಪ್ಪಿನ ಭರಣಿಯ ಮೇಲಿತ್ತು. ಹತ್ತಿರದ್ದು ಅತ್ತೆಯ ಕೈಯಲ್ಲೇ ಇತ್ತು. ಅದನ್ನು ಕಣ್ಣಿಗೆ ಹಿಡಿದು ಅವಳು ಕಲ್ಲು ಹುಡುಕುತ್ತಿದ್ದಳು.

“ಅತ್ತೆ! ಅದು ನನ್ನ ಮಸೂರ!”

“ಇದ್ಯಾವ ಮಸೂರೋ, ಗಾಜು ಇದು. ಮರತ ಹೋಗಿದ್ದಿ. ಭಾಳ ಚಲೋ ಐತಿ ನೋಡು, ಕಲ್ಲು ಕುಂಬಳಕಾಯಿ ಕಂಡಂಗ ಕಾಣತಾವ. ಅದಿರಲಿ. ಸಿಕ್ಕನೇನು?”

ಪ್ರವಾಸಿ ಚಿತ್ರವನ್ನು ಅವಳ ಮುಂದೆ ಇಟ್ಟ. ಇಟ್ಟವನೇ ಒಂದೇ ಉಸಿರಿನಲ್ಲಿ ಹೇಳಿದ: “ತಪ್ಪು ನನ್ನದು ಅತ್ತೆ. ಉಂಗುರ ತಿರುಗಿಸಲಿಲ್ಲ. ಮುಖ ಕಾಣುವುದಿಲ್ಲ. ಪೇಟೆಗೆ ಹೋಗಿ ದೊಡ್ಡದು ಮಾಡಿಸಿಕೊಂಡು ಬರುತ್ತೇನೆ. ಒಂದು ವಾರ ತಡೆ.”

“ನಲವತ್ತು ವರ್ಸ ತಡದೇನಿ. ಇನ್ನೊಂದು ವಾರ ನನ್ನ ಕೈಲೆ ಆಗೂದಿಲ್ಲ,” ಎಂದಳು ಅತ್ತೆ. ಮೊರ ಪಕ್ಕಕ್ಕೆ ಸರಿಸಿ, ಕೈಯಲ್ಲಿದ್ದ ಮಸೂರವನ್ನು ಚಿತ್ರದ ಮೇಲೆ ಹಿಡಿದು ಬಗ್ಗಿದಳು. ಕಲ್ಲು ಹುಡುಕುವಂತೆಯೇ ಸಾಲಿನಲ್ಲಿ ಒಬ್ಬೊಬ್ಬರನ್ನೂ ದಾಟುತ್ತ ಹೋದಳು. ಮೂರನೆಯವನ ಮೇಲೆ ಅವಳ ಕೈ ನಿಂತಿತು.

ಬಹಳ ಹೊತ್ತು ನೋಡಿದಳು. ಅತ್ತೆಯ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಪ್ರವಾಸಿ ಹತ್ತಿರ ಸರಿದ. ಅವಳು ನಗುತ್ತಿದ್ದಳು, ಬಂಡೆಯ ಮೇಲೆ ಆ ಸಾಧು ನಕ್ಕಂತೆಯೇ, ಹೊಟ್ಟೆ ಅಲುಗಾಡಿಸಿಕೊಂಡು.

“ಕೈಯಾಗ ನೋಡೋ,” ಎಂದಳು. “ಬ್ಯಾಳಿ ಮುಟ್ಟೈತಿ.”

ಗುರುಗಳು ಕತೆ ನಿಲ್ಲಿಸಿದರು.

ಕಲ್ಮೇಶ ಬೆರಳು ಮಡಚಿ ಬಿಚ್ಚಿ ಏನನ್ನೋ ಕೂಡಿಸಿ ಕಳೆದ. ಆಮೇಲೆ ಕೇಳಿದ: “ಚಿತ್ರ ತೆಗೆದದ್ದು ಆ ಎಲ್ಲದಕ್ಕೂ ಆಗುವ ಲೆನ್ಸು. ಆದರೆ ಮುಖ ತೋರಿಸಿದ್ದು ಮೂರರಲ್ಲಿ ಒಂದು. ಹಾಗಾದರೆ ಗುರುಗಳೇ, ಒಂದು ಒಯ್ಯಲೋ, ಮೂರು ಒಯ್ಯಲೋ?”

ಗುರುಗಳು ಮೊಣಕಾಲ ಮೇಲಿನ ಬಟ್ಟೆಯನ್ನು ಬಿಡಿಸಿ ಮತ್ತೆ ಕ್ಯಾಮೆರಾ ಒರೆಸತೊಡಗಿದರು.

“ಅದಿರಲಿ ಕಲ್ಮೇಶ, ನೀನು ತರುವ ಚಿತ್ರಕ್ಕಾಗಿ ಅಕ್ಕಿ ಆರಿಸುತ್ತ ಕೂತವರು ಯಾರು?”